ಎರಡು ತೊಗಲಿನ ಕಥೆ

ನಿಮ್ಮ ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರಿದ್ದರೆ ಅವರ ಮುಂಗೈಯನ್ನೊಮ್ಮೆ ನೋಡಿ. ಅಲ್ಲಿ ಹಚ್ಚೆ ಇದ್ದರೂ ಇರಬಹುದು: ಒಂದು ಚೇಳು, ಒಂದು ತುಳಸಿಕಟ್ಟೆ, ಇಲ್ಲವೆ ಸಾಲಾಗಿಟ್ಟ ನಾಲ್ಕಾರು ಚುಕ್ಕೆ. ಅವರು ಹತ್ತು ವರ್ಷದ ಹುಡುಗಿಯಾಗಿದ್ದಾಗ ಊರಿಗೆ ಬಂದ ಕೊರವಂಜಿ, ಜಗುಲಿಯ ಮೇಲೆ ಎದುರಿಗೆ ಕೂರಿಸಿಕೊಂಡು, ಅಳುವ ಮಗುವನ್ನು ಹಾಡು ಹೇಳಿ ಸಮಾಧಾನ ಮಾಡುತ್ತ, ಸೂಜಿಯ ತುದಿಯಿಂದ ಚುಚ್ಚಿ ಚುಚ್ಚಿ ಹುಯ್ದ ಹಚ್ಚೆ ಅದು. ಅಂದಿನಿಂದ ಆ ಕೈ ಎಷ್ಟು ಸಾವಿರ ಸಲ ಪಾತ್ರೆ ಬೆಳಗಿರಬೇಕು, ಎಷ್ಟು ಬಟ್ಟೆ ಒಗೆದಿರಬೇಕು! ಆದರೂ ಹಚ್ಚೆ ಹೋಗಿಲ್ಲ. ಅಂಚು ಸ್ವಲ್ಪ ಹರಡಿಕೊಂಡು ಬಣ್ಣ ಹಸುರುನೀಲಿಗೆ ತಿರುಗಿದೆ, ಅಷ್ಟೆ. ಅದೇ ಮನೆಯಲ್ಲಿ ಮೊಮ್ಮಗಳು ಹಬ್ಬದ ಹಿಂದಿನ ರಾತ್ರಿ ಗೋರಂಟಿ ಅರೆದು ಹಚ್ಚಿಕೊಂಡಳೆನ್ನಿ. ಬೆಳಗಾಗುವ ಹೊತ್ತಿಗೆ ಅಂಗೈ ಕೆಂಪೋ ಕೆಂಪು. ಸಾಬೂನು ಹಾಕಿ ತಿಕ್ಕಿದರೂ ಬಿಡದು. ಆದರೆ ಮೂರು ವಾರ ಕಳೆಯಲಿ, ಹುಡುಕಿದರೂ ಸಿಕ್ಕದು.

ಎರಡೂ ಬಣ್ಣವೇ, ಎರಡೂ ಕೈಗೇ ಹಚ್ಚಿದ್ದು. ಒಂದಕ್ಕೆ ಮೂರು ವಾರದ ಆಯುಷ್ಯ, ಇನ್ನೊಂದಕ್ಕೆ ಮನುಷ್ಯನಷ್ಟೇ ಆಯುಷ್ಯ. ಏಕೆ?

ನಮ್ಮ ಮೈಮೇಲಿರುವುದು ಒಂದು ತೊಗಲಲ್ಲ, ಎರಡು. ಗೋರಂಟಿಯ ಬಣ್ಣ ಹತ್ತಿದ್ದು ಮೇಲಿನ ತೊಗಲಿಗೆ. ಕೊರವಂಜಿಯ ಸೂಜಿ ಅದನ್ನು ದಾಟಿ ಕೆಳಗಿನ ತೊಗಲಿಗೆ ಇಳಿಯಿತು. ಮೇಲಿನದು ಬುಡದಲ್ಲಿ ಹುಟ್ಟಿ, ಮೇಲೇರುತ್ತ ಸತ್ತು, ಕಣ್ಣಿಗೆ ಕಾಣದ ಹೊಟ್ಟಾಗಿ ದಿನವೂ ಉದುರುವಂಥದು. ಬುಡದಿಂದ ತುದಿಗೆ ಬಂದು ಉದುರಲು ಸುಮಾರು ಒಂದು ತಿಂಗಳು. ಕೆಳಗಿನದು ಹಾಗೆ ಉದುರುವುದಿಲ್ಲ. ಅದು ನಾರುನಾರಾಗಿ ಹೆಣೆದ ಗಟ್ಟಿ ಹಾಸು. ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬೇರು ಎಲ್ಲ ಅದರಲ್ಲಿ. ಅಲ್ಲಿಗೆ ಸೇರಿದ ಮಸಿಯ ಕಣಗಳನ್ನು ಅಲ್ಲಿನ ಕಾವಲು ಜೀವಕೋಶಗಳು ನುಂಗಿ ಇಟ್ಟುಕೊಳ್ಳುತ್ತವೆ. ಒಂದು ಸತ್ತರೆ ಪಕ್ಕದ್ದು ಅದರ ಗಂಟನ್ನು ತಾನು ನುಂಗುತ್ತದೆ. ಅಜ್ಜಿಯ ಚೇಳು ಹೀಗೆ ಕೈಯಿಂದ ಕೈಗೆ ದಾಟಿ ಇಲ್ಲಿಯವರೆಗೆ ಬಂದಿದೆ. ಈ ಎರಡರ ಅಡಿಯಲ್ಲಿ ಕೊಬ್ಬಿನ ಮೆತ್ತೆಯೊಂದು ಉಂಟು. ಅದನ್ನು ಮೂರನೆಯ ಪದರವೆಂದು ಎಣಿಸುವವರೂ ಇದ್ದಾರೆ. ಎಣಿಸಲಿ, ನಮ್ಮ ಕಥೆಗೆ ಎರಡು ಸಾಕು.

ಹೈಸ್ಕೂಲಿನ ಪುಸ್ತಕದಲ್ಲಿ ಇದನ್ನು ಅರ್ಧ ಪುಟದಲ್ಲಿ ಬರೆದು ಮುಗಿಸುತ್ತಾರೆ. ಆದರೆ ಈ ಅರ್ಧ ಪುಟವನ್ನು ಗಳಿಸಲು ಮನುಷ್ಯನಿಗೆ ಎರಡು ಸಾವಿರ ವರ್ಷ ಬೇಕಾಯಿತು. ಇನ್ನೊಂದು ಸೋಜಿಗವೆಂದರೆ, ಪುಸ್ತಕ ಬರೆದವರಿಗಿಂತ ಮುಂಚೆ ಕೈಕಸುಬಿನವರು ಇದನ್ನು ಅರಿತಿದ್ದರು. ಕೊರವಂಜಿಯ ಮಾತು ಆಯಿತು. ಚರ್ಮ ಹದಮಾಡುವವರನ್ನು ನೋಡಿ. ಹಸಿ ತೊಗಲನ್ನು ನೆನೆಹಾಕಿ, ಆಮೇಲೆ ಸುಣ್ಣದ ಗುಂಡಿಯಲ್ಲಿ ಕೆಲವು ದಿನ ಮುಳುಗಿಸಿಡುತ್ತಾರೆ. ಸುಣ್ಣ ತಿಂದ ಹೊರದೊಗಲು ಕೂದಲ ಸಮೇತ ಸಡಿಲವಾಗುತ್ತದೆ. ಮೊಂಡು ಕತ್ತಿಯಿಂದ ಹೆರೆದರೆ ಕೆನೆಯಂತೆ ಎದ್ದು ಬರುತ್ತದೆ. ಮಗ್ಗುಲು ತಿರುಗಿಸಿ ಅಡಿಯ ಕೊಬ್ಬು ಮಾಂಸವನ್ನೂ ಹೆರೆಯುತ್ತಾರೆ. ನಡುವೆ ಉಳಿದದ್ದನ್ನು ತಂಗಡಿಯ ತೊಗಟೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ಇಳಿಸಿದರೆ ಅದೇ ಚರ್ಮ. ನಿಮ್ಮ ಕಾಲಿನ ಚಪ್ಪಲಿ, ಮೃದಂಗದ ಮುಚ್ಚಿಗೆ, ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆಯ ಬಾನಿ, ಎಲ್ಲವೂ ಒಳದೊಗಲೇ. ಮೇಲಿನದನ್ನೂ ಕೆಳಗಿನದನ್ನೂ ಬೇರೆ ಮಾಡಲು ಬಲ್ಲ ಈ ಜನರನ್ನು ಊರು ಹೊರಗಿಟ್ಟಿತು. ಅವರ ತಿಳಿವಳಿಕೆಯನ್ನು ಯಾವ ಪಂಡಿತನೂ ಕೇಳಿ ಬರೆದುಕೊಳ್ಳಲಿಲ್ಲ.

ಆದರೆ ನಮ್ಮ ಹಳೆಯ ವೈದ್ಯರಲ್ಲಿ ಒಬ್ಬನಾದರೂ ಕೈ ಹೊಲಸಾಗುವುದಕ್ಕೆ ಹಿಂಜರಿಯಲಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಹೆಣವನ್ನು ಪರೀಕ್ಷಿಸುವ ಕ್ರಮವನ್ನು ಹೇಳಿದೆ. ಅಂಗಾಂಗ ಸರಿಯಾಗಿರುವ, ವಿಷದಿಂದಾಗಲಿ ಬಹುಕಾಲದ ರೋಗದಿಂದಾಗಲಿ ಸಾಯದವನ ದೇಹವನ್ನು ಹುಲ್ಲು, ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಜನ ಸುಳಿಯದ ಕಡೆ ಹರಿಯುವ ನೀರಿನಲ್ಲಿ ಬಿಡಬೇಕು. ಏಳು ರಾತ್ರಿ ಕಳೆದ ಮೇಲೆ ತೆಗೆದು, ಲಾವಂಚದ ಬೇರು, ಬಿದಿರು, ಕೂದಲು ಇವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲ್ಗೊಂಡು ಒಂದೊಂದನ್ನೂ ಕಣ್ಣಾರೆ ನೋಡಬೇಕು. ಹೀಗೆ ನೀರಿನಲ್ಲಿ ನೆನೆದ ಹೆಣದ ಹೊರದೊಗಲು ತಾನಾಗಿಯೇ ಜಾರಿ ಬರುತ್ತದೆ. ಸುಣ್ಣದ ಗುಂಡಿ ಮಾಡುವ ಕೆಲಸವನ್ನು ಇಲ್ಲಿ ಹೊಳೆ ಮಾಡಿತೆನ್ನಬಹುದು.

ಸುಶ್ರುತ ಎಣಿಸಿದ್ದು ಏಳು ಪದರ. ಅವಭಾಸಿನೀ, ಲೋಹಿತಾ, ಶ್ವೇತಾ, ತಾಮ್ರಾ, ವೇದಿನೀ, ರೋಹಿಣೀ, ಮಾಂಸಧರಾ ಎಂದು ಹೆಸರು. ಕುದಿಯುವ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಇವು ಗರ್ಭದಲ್ಲಿ ಕಟ್ಟುತ್ತವೆಂಬ ಹೋಲಿಕೆ ಅಲ್ಲೇ ಇದೆ. ಅಳತೆಯನ್ನೂ ಕೊಟ್ಟಿದ್ದಾನೆ. ಅಳತೆಗೋಲು ಭತ್ತದ ಕಾಳು. ಮೊದಲನೆಯದು ಕಾಳಿನ ಹದಿನೆಂಟನೆಯ ಒಂದು ಪಾಲು, ಎರಡನೆಯದು ಹದಿನಾರನೆಯ ಒಂದು ಪಾಲು, ಹೀಗೆ ಏರುತ್ತ ಕೊನೆಯದು ಎರಡು ಕಾಳು ದಪ್ಪ. ಕೂಡಿ ನೋಡಿದೆ: ಮೊದಲ ಐದೂ ಸೇರಿದರೆ ಬರಿಯ ಅರ್ಧ ಕಾಳು, ಉಳಿದ ಎರಡೇ ಮೂರು ಕಾಳು. ಈ ಅಳತೆ ಮಾಂಸವಿರುವ ಕಡೆಗೆ ಮಾತ್ರ, ಹಣೆಗೂ ಸಣ್ಣ ಬೆರಳುಗಳಿಗೂ ಸಲ್ಲದು ಎಂಬ ಎಚ್ಚರಿಕೆಯೂ ಉಂಟು. ಪುಸ್ತಕದಿಂದ ಪುಸ್ತಕಕ್ಕೆ ನಕಲು ಮಾಡಿದವನು ಹೀಗೆ ಬರೆಯಲಾರ. ಕುಂಚ ಹಿಡಿದು ಹೆಣದ ಪಕ್ಕದಲ್ಲಿ ಕೂತವನ ಮಾತು ಇದು. ಚರಕನ ಲೆಕ್ಕ ಬೇರೆ. ಅವನಿಗೆ ಪದರ ಆರು, ಮೊದಲನೆಯದರ ಹೆಸರು ಉದಕಧರಾ, ಎಂದರೆ ನೀರನ್ನು ಹಿಡಿದಿಡುವುದು. ಈ ಹೆಸರಿಗೆ ನಾನು ತಲೆದೂಗುತ್ತೇನೆ. ನಮ್ಮ ಮೇಲುದೊಗಲಿನ ಅತಿ ಮುಖ್ಯ ಕೆಲಸ ಒಳಗಿನ ನೀರು ಆರಿಹೋಗದಂತೆ ಕಾಯುವುದೇ ಎಂದು ಇಂದಿನವರೂ ಹೇಳುತ್ತಾರೆ. ಮೈ ಬಹಳ ಸುಟ್ಟವರು ಮೊದಲ ಒಂದೆರಡು ದಿನದಲ್ಲಿ ಅಪಾಯಕ್ಕೆ ಬೀಳುವುದು ಹೆಚ್ಚಾಗಿ ಮೈಯ ನೀರು ಸೋರಿಹೋಗಿಯೇ.

ಸುಶ್ರುತನ ಏಳಕ್ಕೂ ಒಂದೊಂದು ಇಂಗ್ಲಿಷ್ ಹೆಸರನ್ನು ಜೋಡಿಸಿ, ನಮ್ಮವರಿಗೆ ಎಲ್ಲ ಮೊದಲೇ ತಿಳಿದಿತ್ತೆಂದು ಸಂತೋಷಪಡುವವರಿದ್ದಾರೆ. ಅದು ಬೇಡದ ಉಪಕಾರ. ಕುಂಚಕ್ಕೆ ಕಂಡದ್ದು ಬೇರೆ, ಸೂಕ್ಷ್ಮದರ್ಶಕಕ್ಕೆ ಕಾಣುವುದು ಬೇರೆ. ಅವನಿಗೆ ಸಲ್ಲಬೇಕಾದ ಗೌರವ ಎಣಿಕೆಗಲ್ಲ, ಒಂದೊಂದು ಪದರದಲ್ಲಿ ಒಂದೊಂದು ರೋಗ ಬೇರೂರುತ್ತದೆಂದು ಕಂಡದ್ದಕ್ಕೆ. ಚರ್ಮದ ರೋಗವನ್ನು ಆಳ ನೋಡಿ ಗುರುತಿಸಬೇಕೆಂಬ ಆ ದಾರಿ ಇಂದಿಗೂ ಸರಿಯಾದ ದಾರಿಯೇ.

ಯುರೋಪಿನ ಕಡೆ ತಿರುಗಿದರೆ, ಅಲ್ಲಿ ಹದಿನಾರನೆಯ ಶತಮಾನದಲ್ಲಿ ಹೆಣ ಕೊಯ್ದು ನೋಡುವ ವಿದ್ಯೆ ಭರದಿಂದ ಬೆಳೆಯಿತು. ವೆಸೇಲಿಯಸನ ಮಹಾಗ್ರಂಥ ೧೫೪೩ರಲ್ಲಿ ಅಚ್ಚಾಯಿತು. ಆದರೆ ಆ ಪಂಡಿತರಿಗೆ ಬೇಕಾಗಿದ್ದದ್ದು ಒಳಗಿನ ಮಾಂಸಖಂಡ, ಎಲುಬು, ಕರುಳು. ಚರ್ಮ ಎಂದರೆ ಉಡುಗೊರೆಯ ಮೇಲಿನ ಕಾಗದವಿದ್ದ ಹಾಗೆ: ಸುಲಿ, ಬಿಸಾಡು, ಮುಂದೆ ನಡೆ. ಸ್ಪೇನಿನ ವಾಲ್ವೆರ್ದೆ ೧೫೫೬ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಚಿತ್ರವಿದೆ. ಸುಲಿದ ಮನುಷ್ಯನೊಬ್ಬ ಒಂದು ಕೈಯಲ್ಲಿ ಚಾಕು, ಇನ್ನೊಂದು ಕೈಯಲ್ಲಿ ತನ್ನದೇ ತೊಗಲನ್ನು ಕಳಚಿಟ್ಟ ನಿಲುವಂಗಿಯಂತೆ ಹಿಡಿದು ನಿಂತಿದ್ದಾನೆ. ಆ ಕಾಲದ ಮನಸ್ಸು ಆ ಒಂದು ಚಿತ್ರದಲ್ಲಿದೆ.

ಆ ಬಿಸಾಡಿದ್ದನ್ನು ಎತ್ತಿಕೊಂಡು ನೋಡಿದವನು ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ. ಸಿಸಿಲಿ ದ್ವೀಪದ ಮೆಸ್ಸೀನಾದಲ್ಲಿ ಅಧ್ಯಾಪಕನಾಗಿದ್ದಾಗ ಅವನಿಗೆ ಹಿಡಿದ ಹುಚ್ಚು, ಮುಟ್ಟಿದ್ದು ನಮಗೆ ಹೇಗೆ ತಿಳಿಯುತ್ತದೆ ಎಂಬುದು. ಅವನು ಎತ್ತಿನ ನಾಲಿಗೆಯನ್ನು ಬೇಯಿಸಿ ಪೊರೆ ಸುಲಿದ. ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಬಿಡಿಸುವಷ್ಟು ಸುಲಭವಾಗಿ ಮೇಲಿನದು ಬಂತು. ಅದರ ಅಡಿ ಜರಡಿಯಂತೆ ತೂತುತೂತಾದ ಲೋಳೆಯ ಪೊರೆ, ಅದರ ಅಡಿ ಸಣ್ಣ ಸಣ್ಣ ಮೊಳಕೆಗಳ ಸಾಲು; ಒಂದೊಂದು ಮೊಳಕೆಯೂ ಜರಡಿಯ ಒಂದೊಂದು ತೂತಿನೊಳಗೆ ಕೂತಿತ್ತು. ಮನುಷ್ಯನ ಬೆರಳಿನಲ್ಲೂ ಅದೇ ಏರ್ಪಾಡು. ಸ್ಪರ್ಶದ ಇಂದ್ರಿಯವೇ ಈ ಮೊಳಕೆಗಳು ಎಂದು ೧೬೬೫ರಲ್ಲಿ ಬರೆದ. ಅವನ ಊಹೆ ಬಹುಮಟ್ಟಿಗೆ ಸರಿ. ಆ ಮೊಳಕೆಗಳೊಳಗೆ ನರದ ತುದಿಯ ಉಂಡೆಗಳಿರುವುದನ್ನು ಜರ್ಮನಿಯಲ್ಲಿ ಮೈಸ್ನರ್ ಮತ್ತು ವಾಗ್ನರ್ ೧೮೫೨ರಲ್ಲಿ ಕಂಡರು. ಒತ್ತಿದ್ದನ್ನು ಮತ್ತು ಬಿಸಿಯನ್ನು ನರಕ್ಕೆ ತಿಳಿಸುವ ಅಣುಗಳನ್ನು ಕಂಡುಹಿಡಿದದ್ದಕ್ಕಾಗಿ ೨೦೨೧ರಲ್ಲಿ ಪಟಪೂಟಿಯನ್ ಮತ್ತು ಜೂಲಿಯಸ್ ಎಂಬವರಿಗೆ ನೊಬೆಲ್ ಬಹುಮಾನ ಬಂತು. ನಾಲಿಗೆ ಬೇಯಿಸಿ ಮುನ್ನೂರ ಐವತ್ತಾರು ವರ್ಷವಾಗಿತ್ತು! ಬೆರಳಿನ ತುದಿಯ ರೇಖೆಗಳಿಗೂ ಒಳದೊಗಲಿನ ಈ ಮೊಳಕೆಗಳ ಸಾಲೇ ಅಚ್ಚು. ಆದಕಾರಣ ಅಡಿಗೆಮನೆಯಲ್ಲಿ ಬೆರಳು ಸುಟ್ಟು ಮೇಲುದೊಗಲು ಸುಲಿದು ಹೋದರೂ ಹೊಸದು ಬಂದಾಗ ಅವೇ ರೇಖೆಗಳು ಮತ್ತೆ ಮೂಡುತ್ತವೆ. ಹೆಬ್ಬೆಟ್ಟು ಒತ್ತಿದ ಪತ್ರವನ್ನು ಅಲ್ಲಗಳೆಯುವ ಹಾಗಿಲ್ಲ.

ಮಾಲ್ಪೀಗಿ ಅದೇ ಪುಸ್ತಕದಲ್ಲಿ ಇನ್ನೊಂದು ಮಾತನ್ನು ಹೋಗುಹೋಗುತ್ತ ಹೇಳಿ ಬಿಟ್ಟ. ಆಫ್ರಿಕದ ಜನರ ಕಪ್ಪು ಎಲ್ಲಿದೆ? ಅವರ ಒಳದೊಗಲು ಬಿಳಿಯದೇ. ಕಪ್ಪು ಇರುವುದು ನಡುವಿನ ಆ ಲೋಳೆಯ ಪೊರೆಯಲ್ಲಿ ಮಾತ್ರ, ಎಂದು. ಅವನಿಗಿಂತ ಮುಂಚೆ, ೧೬೧೮ರಲ್ಲಿ, ಪ್ಯಾರಿಸ್ಸಿನ ರಿಯೋಲನ್ ಎಂಬ ಪಂಡಿತ ಒಬ್ಬ ಕರಿಯ ಮನುಷ್ಯನ ಮೈಮೇಲೆ ಮದ್ದು ಹಚ್ಚಿ ಬೊಕ್ಕೆ ಎಬ್ಬಿಸಿ ಸುಲಿದು ನೋಡಿದ್ದ. ಮೇಲೆ ಕಪ್ಪು, ಕೆಳಗೆ ಬಿಳಿ. ಆ ಮನುಷ್ಯನನ್ನು ಯಾರೂ ಒಪ್ಪಿಗೆ ಕೇಳಿರಲಾರರು. ಅವನ ಹೆಸರನ್ನೂ ಬರೆದಿಟ್ಟಿಲ್ಲ. ಲೈಡನ್ನಿನ ಅಲ್ಬೀನಸ್ ೧೭೩೭ರಲ್ಲಿ ಈ ಪದರಗಳನ್ನು ಬಣ್ಣದ ಚಿತ್ರ ಹಾಕಿಸಿ ಅಚ್ಚು ಮಾಡಿದ.

ಇಲ್ಲಿಗೆ ಈ ವಿಷಯ ಮುಗಿಯಬೇಕಾಗಿತ್ತು. ಆಳನ್ನು ಕೊಂಡು ಮಾರುವ ಕಾಲ ಅದು, ಮುಗಿಯಲು ಬಿಡಲಿಲ್ಲ. ಫ್ರಾನ್ಸಿನ ಬೋರ್ಡೊ ಬಂದರು ಗುಲಾಮರ ವ್ಯಾಪಾರದಿಂದ ಕೊಬ್ಬುತ್ತಿದ್ದಾಗ, ಅಲ್ಲಿನ ವಿದ್ವತ್ಸಭೆ ೧೭೩೯ರಲ್ಲಿ ಒಂದು ಪಂದ್ಯ ಸಾರಿತು: ಕರಿಯರ ಬಣ್ಣಕ್ಕೂ ಕೂದಲಿಗೂ ಕಾರಣವೇನು? ಹದಿನಾರು ಪ್ರಬಂಧಗಳು ಬಂದವು. ಬಿಸಿಲು ಎಂದರು ಕೆಲವರು; ದೇವರ ಶಾಪ ಎಂದರು ಕೆಲವರು; ರಕ್ತವೇ ಕಪ್ಪು, ಪಿತ್ತವೇ ಕಪ್ಪು ಎಂದರು ಮತ್ತೆ ಕೆಲವರು. ಬಣ್ಣ ಮೇಲೆ ಹತ್ತಿದ ಒಂದು ಪೊರೆಯಷ್ಟೇ ಆದರೆ ಆ ಮನುಷ್ಯನೂ ನಮ್ಮಂಥವನೇ ಆಗಿಬಿಡುತ್ತಾನೆ. ಅದು ರಕ್ತಕ್ಕೂ ಪಿತ್ತಕ್ಕೂ ಇಳಿದಿದ್ದರೆ ಅವನನ್ನು ಮಾರುವವನಿಗೆ ರಾತ್ರಿ ನಿದ್ದೆ ಬಂದೀತು. ಬಣ್ಣವನ್ನು ಆಳಕ್ಕೆ ಇಳಿಸುವುದರಲ್ಲಿ ಅವರಿಗಿದ್ದ ಆಸಕ್ತಿ ಅದು. ಬಹುಮಾನವನ್ನು ಯಾರಿಗೂ ಕೊಡಲಿಲ್ಲ.

ಇಂದು ತಿಳಿದಿರುವುದು ಇದು. ಮೈಯ ಬಹುಭಾಗದಲ್ಲಿ ಮೇಲುದೊಗಲಿನ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಎಂದರೆ ನೀವು ಕಾಗದ ಬರೆಯುವ ಒಂದು ಹಾಳೆಯಷ್ಟು. ಆ ಹಾಳೆಯ ಬುಡದ ಸಾಲಿನಲ್ಲಿ, ಹತ್ತಕ್ಕೊಂದರಂತೆ, ಬಣ್ಣ ತಯಾರಿಸುವ ಜೀವಕೋಶಗಳು ಕೂತಿವೆ. ಅವು ಬಣ್ಣದ ಕಣಗಳನ್ನು ಮಾಡಿ ನೆರೆಯವುಗಳಿಗೆ ಹಂಚುತ್ತವೆ. ಪಡೆದವು ಆ ಕಣಗಳನ್ನು ತಮ್ಮ ಕೇಂದ್ರದ ಮೇಲೆ ಕೊಡೆಯ ಹಾಗೆ ಹಿಡಿದುಕೊಳ್ಳುತ್ತವೆ, ಬಿಸಿಲು ತಾಕದಿರಲೆಂದು. ಈ ಬಣ್ಣದ ಕೋಶಗಳ ಸಂಖ್ಯೆ ನಾರ್ವೆಯವನಲ್ಲೂ ನೈಜೀರಿಯದವನಲ್ಲೂ ನಮ್ಮಲ್ಲೂ ಹೆಚ್ಚುಕಡಮೆ ಒಂದೇ. ಕಣಗಳ ಗಾತ್ರ, ಪ್ರಮಾಣ, ಅವು ಬೇಗ ಕರಗುತ್ತವೆಯೋ ನಿಲ್ಲುತ್ತವೆಯೋ ಇಷ್ಟರಲ್ಲೇ ವ್ಯತ್ಯಾಸ. ಆ ವ್ಯತ್ಯಾಸವಾದರೂ ಸೇರಿಕೊಂಡಿರುವುದು ತಿಂಗಳಿಗೊಮ್ಮೆ ಉದುರಿಹೋಗುವ ತೊಗಲಿನಲ್ಲಿ. ಹೆಣ್ಣು ನೋಡಲು ಹೋದವರು “ಬಣ್ಣ ಸ್ವಲ್ಪ ಕಡಮೆ” ಎಂದು ಪಿಸುಗುಟ್ಟುವಾಗ ಮಾತನಾಡುತ್ತಿರುವುದು ಈ ಒಂದು ಹಾಳೆಯ ವಿಷಯ.

ಇದರ ಇನ್ನೊಂದು ಮುಖವೂ ನಮ್ಮ ಊರುಗಳಲ್ಲೇ ಇದೆ. ತೊನ್ನು ಎಂದು ಕರೆದು ಜನ ದೂರ ಸರಿಯುವ ಬಿಳಿ ಮಚ್ಚೆಯಲ್ಲಿ ಆಗಿರುವುದು ಈ ಬಣ್ಣದ ಕೋಶಗಳ ನಾಶ ಮಾತ್ರ. ಅಲ್ಲಿ ಸ್ಪರ್ಶ ತಿಳಿಯುತ್ತದೆ, ಬೆವರು ಬರುತ್ತದೆ, ಗಾಯ ಮಾಯುತ್ತದೆ, ಅಂಟುವ ರೋಗವಲ್ಲ. ಕುಷ್ಠದ ಕಥೆಯೇ ಬೇರೆ. ನಾರ್ವೆಯ ಹ್ಯಾನ್ಸೆನ್ ೧೮೭೩ರಲ್ಲಿ ಕಂಡುಹಿಡಿದ ಅದರ ಕ್ರಿಮಿ ಒಳದೊಗಲಿಗೆ ಇಳಿದು ನರಗಳನ್ನು ಹಿಡಿಯುತ್ತದೆ. ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿರುವುದೇ ಅದರ ಗುರುತು. ಅದಕ್ಕೂ ಈಗ ಮದ್ದಿದೆ, ವಾಸಿಯಾಗುತ್ತದೆ. ಸುಶ್ರುತ ಕಿಲಾಸ ಕುಷ್ಠಗಳೆರಡನ್ನೂ ನಾಲ್ಕನೆಯ ಪದರದಲ್ಲೇ ಇಟ್ಟಿದ್ದ. ಈ ಒಂದು ಕಡೆ ಕುಂಚ ಅವನಿಗೆ ಕೈಕೊಟ್ಟಿತು. ಜನ ಮಾತ್ರ ಇಂದಿಗೂ ಆ ಎರಡನ್ನೂ ಒಂದೇ ಕಣ್ಣಿನಿಂದ ನೋಡುತ್ತಿದ್ದಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸತ್ತ ತೊಗಲನ್ನೋ ಸುಲಿದ ತೊಗಲನ್ನೋ ನೋಡಿದವರ ಕಥೆ. ಬದುಕಿರುವ ತೊಗಲನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಟ್ಟು ಬದುಕಿಸಿದವರ ಕಥೆ ನಮ್ಮ ಮೈಸೂರಿನ ಹತ್ತಿರಕ್ಕೇ ಬರುತ್ತದೆ. ಮೂರನೆಯ ಮೈಸೂರು ಯುದ್ಧ ನಡೆದದ್ದು ೧೭೯೦ರಿಂದ ೧೭೯೨ರವರೆಗೆ. ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುವ ಕೆಲಸಕ್ಕಿದ್ದ ಕಾವಸಜಿ ಎಂಬ ಮರಾಠಿ ರೈತನೊಬ್ಬ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರೆಂದು ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ೧೭೯೪ರ ಅಕ್ಟೋಬರ್ ಸಂಚಿಕೆಯಲ್ಲಿ ಬರೆಯಿತು. ಬರೆದದ್ದು ಎದುರಾಳಿಯ ಪತ್ರಿಕೆ ಎಂಬುದನ್ನು ನೆನಪಿನಲ್ಲಿಡೋಣ. ಆದರೆ ಅವನಿಗೆ ಮೂಗಿಲ್ಲದಿದ್ದದ್ದೂ ಆಮೇಲೆ ಮೂಗು ಬಂದದ್ದೂ ಕಣ್ಣಾರೆ ಕಂಡ ಸಂಗತಿ. ಒಂದು ವರ್ಷ ಮೂಗಿಲ್ಲದೆ ಕಳೆದ ಮೇಲೆ, ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬನು ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮುಂಬಯಿ ಆಧಿಪತ್ಯದ ವೈದ್ಯರಾದ ಕ್ರೂಸೊ ಮತ್ತು ಟ್ರಿಂಡ್ಲೆ ಎಂಬಿಬ್ಬರು ಆ ಕೆಲಸವನ್ನು ನೋಡಿದ್ದರು.

ಮಾಡಿದ ರೀತಿ ಹೀಗೆ. ಮೇಣದ ತೆಳು ಹಲ್ಲೆಯೊಂದನ್ನು ಮೂಗಿನ ಮೋಟಿನ ಮೇಲಿಟ್ಟು ಮೂಗಿನ ಆಕಾರಕ್ಕೆ ಒತ್ತಿದ. ಅದನ್ನು ತೆಗೆದು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ದರ್ಜಿ ಅಳತೆಯ ಕಾಗದವಿಟ್ಟು ಬಟ್ಟೆ ಕತ್ತರಿಸಿದಂತೆ ಗೆರೆಯ ಮೇಲೆ ಹಣೆಯ ತೊಗಲನ್ನು ಕೊಯ್ದು ಬಿಡಿಸಿದ. ಪೂರ್ತಿ ಬಿಡಿಸಲಿಲ್ಲ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಹಾಗೆಯೇ ಉಳಿಸಿದ. ಮೋಟಿನ ಹಳೆಯ ಗಾಯದ ಅಂಚನ್ನು ಹೊಸದಾಗಿ ಕೆತ್ತಿ, ಹಣೆಯ ತೊಗಲನ್ನು ಆ ಪಟ್ಟಿಯ ಮೇಲೆಯೇ ಹೊರಳಿಸಿ ತಂದು ಅಲ್ಲಿಗೆ ಕೂರಿಸಿದ. ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಹಚ್ಚಿ ಐದಾರು ಪಟ್ಟಿ ಒಂದರ ಮೇಲೊಂದು ಹಾಕಿದ. ನಾಲ್ಕು ದಿನ ಅಷ್ಟೆ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಮೂಗಿನ ಹೊಳ್ಳೆಗಳಲ್ಲಿ ಮೆತ್ತನೆಯ ಬಟ್ಟೆ ತುಂಬಿ ತೂತನ್ನು ಕಾಪಾಡಿದ. ಸುಮಾರು ಇಪ್ಪತ್ತೈದನೆಯ ದಿನ, ಹೊಸ ಮೂಗು ಹೊಸ ಜಾಗದಲ್ಲಿ ಬೇರು ಬಿಟ್ಟಿತೆಂದು ತಿಳಿದು, ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದ.

ಇಡೀ ವಿದ್ಯೆ ಇರುವುದು ಆ ಸಣ್ಣ ಪಟ್ಟಿಯಲ್ಲಿ. ಮೇಲುದೊಗಲಿಗೆ ತನ್ನದೆಂಬ ರಕ್ತನಾಳ ಒಂದೂ ಇಲ್ಲ. ಅದು ಒಳದೊಗಲಿನ ಋಣದಲ್ಲಿ ಬದುಕುತ್ತದೆ. ದಪ್ಪ ತೊಗಲನ್ನು ಪೂರ್ತಿ ಕಿತ್ತರೆ ರಕ್ತ ನಿಂತು ಕಪ್ಪಾಗಿ ಕೊಳೆಯುವ ಭಯ. ಪಟ್ಟಿ ಉಳಿಸಿದರೆ ಹಣೆಯ ರಕ್ತವೇ ಮೂರು ವಾರ ಮೂಗನ್ನು ಸಾಕುತ್ತದೆ. ಅಷ್ಟರಲ್ಲಿ ಮೂಗಿನ ಜಾಗದಿಂದ ಹೊಸ ನಾಳಗಳು ಹೊಕ್ಕು ಬರುತ್ತವೆ. ಸುಶ್ರುತ ಇದೇ ಕೆಲಸಕ್ಕೆ ಎಲೆಯನ್ನು ಅಳತೆ ಮಾಡಿ ಕೆನ್ನೆಯಿಂದ ತೊಗಲನ್ನು ಎತ್ತಲು ಹೇಳಿದ್ದಾನೆ, ಹೊಳ್ಳೆಗೆ ಔಡಲದ ನಾಳ ಇಡಲು ಹೇಳಿದ್ದಾನೆ. ಪುಣೆಯವನು ತೆಗೆದದ್ದು ಹಣೆಯಿಂದ. ಹಣೆಯ ತೊಗಲು ಮೂಗಿಗೆ ಕೆನ್ನೆಯದಕ್ಕಿಂತ ಚೆನ್ನಾಗಿ ಒಪ್ಪುತ್ತದೆಂದು ಯಾವನೋ ಕಂಡುಕೊಂಡು ಮಗನಿಗೆ ಕಲಿಸಿರಬೇಕು. ಆ ಪತ್ರಿಕೆ ಕಾವಸಜಿಯ ಹೆಸರನ್ನು ಅಚ್ಚು ಮಾಡಿತು, ನಿಂತು ನೋಡಿದ ಇಬ್ಬರು ಆಂಗ್ಲರ ಹೆಸರನ್ನು ಅಚ್ಚು ಮಾಡಿತು. ಇಟ್ಟಿಗೆಯವನ ಹೆಸರು ಮಾತ್ರ ಇಲ್ಲ.

ಲಂಡನ್ನಿನಲ್ಲಿ ಕಾರ್ಪ್ಯೂ ಎಂಬ ವೈದ್ಯ ಇದನ್ನೋದಿ ಹೆಣಗಳ ಮೇಲೆ ಬಹುಕಾಲ ಅಭ್ಯಾಸ ಮಾಡಿ, ೧೮೧೪ರಲ್ಲಿ ಒಬ್ಬ ಸೈನ್ಯಾಧಿಕಾರಿಗೆ ಹಣೆಯಿಂದ ಮೂಗು ಮಾಡಿದ. ೧೮೧೬ರಲ್ಲಿ ಅವನ ಪುಸ್ತಕ ಬಂದ ಮೇಲೆ ಈ ಭಾರತೀಯ ಪದ್ಧತಿ ಯುರೋಪಿನಲ್ಲೆಲ್ಲ ಹರಡಿತು. ಮೂಗಿಗೆ ಹಣೆಯ ತೊಗಲನ್ನು ಇಂದಿಗೂ ಶಸ್ತ್ರವೈದ್ಯರು ಬಳಸುತ್ತಾರೆ.

ಆದರೆ ಪಟ್ಟಿ ಉಳಿಸಿಕೊಂಡೇ ತೊಗಲನ್ನು ಎಷ್ಟು ದೂರ ಒಯ್ಯಬಹುದು? ಬೆನ್ನೆಲ್ಲ ಸುಟ್ಟಿದ್ದರೆ ಏನು ಗತಿ? ಉತ್ತರ ಬಂದದ್ದು ತೊಗಲನ್ನು ದಪ್ಪವಾಗಿ ತೆಗೆಯುವುದರಿಂದಲ್ಲ, ತೆಳುವಾಗಿ ತೆಗೆಯುವುದರಿಂದ. ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯಲ್ಲಿ ಇನ್ನೂ ಕಲಿಯುತ್ತಿದ್ದ ರೆವೆರ್ದಾಂ ಎಂಬ ಸ್ವಿಸ್ ತರುಣ ೧೮೬೯ರಲ್ಲಿ ಮೇಲುದೊಗಲಿನ ಸಣ್ಣ ಚೂರುಗಳನ್ನು ಎತ್ತಿ, ಮಾಯದೆ ನಿಂತಿದ್ದ ಗಾಯದ ನಡುವೆ ಇಟ್ಟ. ಚೂರುಗಳು ಹಿಡಿದವು, ಹಿಡಿದದ್ದಲ್ಲದೆ ಅಂಚಿನಿಂದ ಬೆಳೆದು ದ್ವೀಪಗಳಂತೆ ಹರಡಿ ಒಂದನ್ನೊಂದು ಕೂಡಿದವು. ತೆಳುವಾದ್ದರಿಂದಲೇ ಹೊಸ ನಾಳ ಬರುವ ತನಕ ಅಡಿಯ ಗಾಯದ ರಸವನ್ನೇ ಹೀರಿ ಬದುಕಿಕೊಂಡವು. ಜರ್ಮನಿಯ ಟೀರ್ಶ್ ೧೮೭೪ರಲ್ಲಿ ಇನ್ನೂ ಅಗಲವಾದ ತೆಳು ಹಾಳೆಗಳನ್ನು ಹೆರೆದು ಹಾಕುವುದನ್ನು ತೋರಿಸಿಕೊಟ್ಟ. ಹೆರೆದ ತೊಡೆಯ ಗತಿಯೇನೆಂದು ನೀವು ಕೇಳಬಹುದು. ಕೂದಲಿನ ಬೇರು, ಬೆವರಿನ ಗ್ರಂಥಿಗಳು ಒಳದೊಗಲಿಗೆ ಆಳವಾಗಿ ಇಳಿದಿವೆಯಲ್ಲ, ಅವುಗಳ ಗೋಡೆಯೂ ಮೇಲುದೊಗಲೇ. ಕಬ್ಬು ಕಡಿದ ಮೇಲೆ ಕೂಳೆ ಚಿಗುರಿದ ಹಾಗೆ ಅಲ್ಲಿಂದ ಚಿಗುರಿ ಸುಮಾರು ಎರಡು ವಾರದಲ್ಲಿ ಹೊಸ ಹೊದಿಕೆ ಬರುತ್ತದೆ. ಸುಟ್ಟ ಗಾಯ ಒಳದೊಗಲಿನ ಆಳಕ್ಕೆ ಇಳಿದು ಈ ಬೇರುಗಳನ್ನೂ ತಿಂದಿದ್ದರೆ ಮಾತ್ರ ಗಾಯ ತಾನಾಗಿ ಮಾಯಲಾರದು.

ಇನ್ನೊಬ್ಬರ ತೊಗಲನ್ನು ಹಾಕಬಾರದೆ? ಹಾಕಿ ನೋಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋದಲ್ಲಿ ಸುಟ್ಟು ಬಂದ ಹೆಂಗಸಿಗೆ ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನ ತೊಗಲನ್ನು ಹಾಕಿದರೆ ಕೆಲವು ದಿನ ನಿಂತು ಉದುರಿತು. ಎರಡನೆಯ ಸಲ ಹಾಕಿದ್ದು ಇನ್ನೂ ಬೇಗ ಉದುರಿತು. ಮೈ ಪರಕೀಯವನ್ನು ಗುರುತಿಸುತ್ತದೆ, ಗುರುತಿಸಿದ್ದನ್ನು ನೆನಪಿಡುತ್ತದೆ ಎಂದು ಗಿಬ್ಸನ್ ಮತ್ತು ಮೆಡವಾರ್ ೧೯೪೩ರಲ್ಲಿ ಬರೆದರು. ಈ ದಾರಿಯಲ್ಲಿ ಮುಂದೆ ಹೋದ ಮೆಡವಾರರಿಗೆ ೧೯೬೦ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಗುರುತಿಸುವ ಕಾವಲುಗಾರರಲ್ಲಿ ಕೆಲವರು ಮೇಲುದೊಗಲಿನಲ್ಲೇ ಕೂತಿದ್ದಾರೆ. ಬರ್ಲಿನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಲಾಂಗರ್‌ಹಾನ್ಸ್ ೧೮೬೮ರಲ್ಲೇ ಅವನ್ನು ಕಂಡು ನರದ ಕೋಶಗಳೆಂದು ತಿಳಿದಿದ್ದ. ತಪ್ಪು ತಿಳಿದುದು ತಿದ್ದಿಕೊಳ್ಳಲು ಸುಮಾರು ನೂರು ವರ್ಷ ಹಿಡಿಯಿತು.

ಹಾಗಾದರೆ ಅವರವರ ತೊಗಲನ್ನೇ ಬೆಳೆಸಬೇಕು. ಅಮೆರಿಕದ ರೈನ್ವಾಲ್ಡ್ ಮತ್ತು ಗ್ರೀನ್ ೧೯೭೫ರಲ್ಲಿ ಮೇಲುದೊಗಲಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ೧೯೮೩ರಲ್ಲಿ, ಮೈಯೆಲ್ಲ ಸುಟ್ಟುಹೋಗಿದ್ದ ಇಬ್ಬರು ಹುಡುಗರಿಗೆ ಅವರದೇ ಒಂದು ಚಿಕ್ಕ ತುಂಡಿನಿಂದ ಬೆಳೆಸಿದ ಹಾಳೆಗಳನ್ನು ಹಾಕಿ ಮೈಯ ಅರ್ಧದಷ್ಟನ್ನು ಮುಚ್ಚಿದರು. ಹುಡುಗರು ಉಳಿದರು. ಆದರೆ ಬೆಳೆದದ್ದು ಮೇಲುದೊಗಲು ಮಾತ್ರ. ನಾರು, ನಾಳ, ಬೆವರು, ಸ್ಪರ್ಶಗಳ ಮನೆಯಾದ ಒಳದೊಗಲನ್ನು ಅದರ ಪೂರ್ಣ ರೂಪದಲ್ಲಿ ತಟ್ಟೆಯಲ್ಲಿ ಬೆಳೆಸಿ ಕೊಡುವುದು ಇನ್ನೂ ಆಸ್ಪತ್ರೆಗಳ ನಿತ್ಯದ ಕೆಲಸವಾಗಿಲ್ಲ.

ಅಲ್ಲಿಯವರೆಗೆ, ಸೀಮೆಎಣ್ಣೆ ಒಲೆ ಸಿಡಿದೋ ಸೀರೆಗೆ ಬೆಂಕಿ ಹತ್ತಿಯೋ ಆಸ್ಪತ್ರೆಗೆ ಬಂದ ಹೆಂಗಸಿಗೆ ತಾತ್ಕಾಲಿಕವಾಗಿಯಾದರೂ ಒಂದು ಹೊದಿಕೆ ಬೇಕು. ಉದುರುವುದಾದರೂ ಸರಿ, ಎರಡು ಮೂರು ವಾರ ನಿಂತು ಮೈಯ ನೀರನ್ನು ಕಾದರೆ, ಕ್ರಿಮಿಗಳನ್ನು ತಡೆದರೆ, ನೋವನ್ನು ಇಳಿಸಿದರೆ ಸಾಕು. ಅಷ್ಟರಲ್ಲಿ ಅವಳದೇ ತೊಡೆಯ ತೊಗಲು ಇನ್ನೊಮ್ಮೆ ಕೂಳೆ ಬಂದಿರುತ್ತದೆ. ಇದಕ್ಕಾಗಿ ಸತ್ತವರ ತೊಗಲನ್ನು ಪಡೆದು ಗ್ಲಿಸರಿನ್ನಿನಲ್ಲಿ ಇಡುವ ಚರ್ಮನಿಧಿಗಳಿವೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ೨೦೦೦ದಲ್ಲಿ ಒಂದು ತೆರೆಯಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ೨೦೧೬ರಲ್ಲಿ. ಕೊಡುವವರ ರಕ್ತದ ಗುಂಪು ಕೇಳುವುದಿಲ್ಲ, ಬಣ್ಣವನ್ನೂ ಕೇಳುವುದಿಲ್ಲ.

ಕಣ್ಣು ಕೊಡಲು ಒಪ್ಪುವ ಮನೆಯವರು ತೊಗಲೆಂದರೆ ಬೆಚ್ಚಿಬೀಳುತ್ತಾರೆ. ವಾಲ್ವೆರ್ದೆಯ ಚಿತ್ರವೇ ಎಲ್ಲರ ಕಣ್ಣ ಮುಂದೆ ಬರುವುದೆಂದು ಕಾಣುತ್ತದೆ. ನಡೆಯುವುದು ಹಾಗಲ್ಲ. ಸಾವಾದ ಸುಮಾರು ಆರು ಗಂಟೆಯೊಳಗೆ ತಿಳಿಸಬೇಕು. ತೊಡೆ, ಕಾಲು, ಬೆನ್ನುಗಳಿಂದ ಕಾಗದದಂಥ ತೆಳು ಹಾಳೆಗಳನ್ನು ಹೆರೆದುಕೊಳ್ಳುತ್ತಾರೆ: ಮೇಲುದೊಗಲು ಪೂರ್ತಿ, ಒಳದೊಗಲಿನಲ್ಲಿ ಮೇಲುಮೇಲಿನ ಸ್ವಲ್ಪ. ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಮುಖವನ್ನೂ ಕೈಗಳನ್ನೂ ಮುಟ್ಟುವುದಿಲ್ಲ. ಅಜ್ಜಿಯ ಹಚ್ಚೆ ಇದ್ದಲ್ಲೇ ಇರುತ್ತದೆ. ರಕ್ತ ಹರಿಯುವುದಿಲ್ಲ. ತೆಗೆದ ಜಾಗ ಸ್ವಲ್ಪ ಬಿಳಿಚಿಕೊಂಡು ಕಾಣುತ್ತದೆ, ಅದರ ಮೇಲೆ ಬಟ್ಟೆ ಸುತ್ತಿ ಕಳಿಸುತ್ತಾರೆ.